ತೆಂಗಿನ ಸೀಮೆಯ ನಿಲುವುಗನ್ನಡಿ

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ರೈಲಿನಲ್ಲಿ ಹೊರಟವರಿಗೆ ತುಮಕೂರನ್ನೂ ಗುಬ್ಬಿಯನ್ನೂ ದಾಟುತ್ತಲೇ ಹೊರಗಣ ನೋಟವು ಬೇರೆಯಾಗತೊಡಗುವುದು. ರಾಗಿಯ ಹೊಲಗಳು ಹಿಂದೆ ಸರಿದು ತೆಂಗಿನ ಸಾಲುಗಳು ಮುಂದೆ ಬರುವುವು. ನಿಟ್ಟೂರು, ಬಾಣಸಂದ್ರಗಳನ್ನು ಕಳೆದು ತಿಪಟೂರನ್ನು ಸಮೀಪಿಸುವ ವೇಳೆಗೆ ತೋಟವು ಎಲ್ಲಿ ಮುಗಿಯಿತು, ಊರು ಎಲ್ಲಿ ಮೊದಲಾಯಿತು ಎಂಬುದನ್ನು ಹೇಳುವುದೇ ಕಷ್ಟ. ತುಮಕೂರು ಜಿಲ್ಲೆಗೆ ಕಲ್ಪತರು ನಾಡೆಂಬ ಹೆಸರು ಬಂದಿರುವುದು ಮುಖ್ಯವಾಗಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಈ ತಾಲ್ಲೂಕುಗಳ ತೆಂಗಿನಿಂದಲೇ. ಸಮುದ್ರದಿಂದ ಇಷ್ಟು ದೂರದ ಬಯಲುಸೀಮೆಯಲ್ಲಿ ತೆಂಗು ಇಷ್ಟು ಹುಲುಸಾಗಿ ಬೆಳೆದಿರುವುದನ್ನು ಕಂಡು ಕರಾವಳಿಯವರೂ ಆಶ್ಚರ್ಯಪಡುವುದುಂಟು.

ಗೌರಿಯ ಹಬ್ಬಕ್ಕೆ ಹದಿನೈದು ದಿನಗಳಿರುವಾಗ ನಾವು ಈ ಸೀಮೆಯಲ್ಲಿ ಕೆಲವು ದಿನ ತಂಗಿದ್ದೆವು. ಹೊಯ್ಸಳರ ಕಾಲದ ಗುಡಿಗಳನ್ನು ನೋಡಬೇಕೆಂಬುದು ನಮ್ಮ ಮೊದಲ ಉದ್ದೇಶ. ರಾತ್ರಿಯ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಹಳಬರ ಬಾಯಿಂದ ಕಥೆಗಳನ್ನು ಕೇಳಬೇಕೆಂಬುದು ಎರಡನೆಯದು. ಹಾಗೆ ಕೇಳಿದವುಗಳಲ್ಲಿ ಒಂದು ಕನ್ನಡಿಯ ಕಥೆ ಇಂದಿಗೂ ನಮ್ಮ ಮನಸ್ಸನ್ನು ಬಿಟ್ಟಿಲ್ಲ. ಆದರೆ ಈ ನಾಡಿನ ಮನೆಯು ಎಂತಹದು, ಅದರ ಅಟ್ಟದಲ್ಲಿ ಏನಿರುವುದು ಎಂಬುದನ್ನು ತಿಳಿಸದೆ ಆ ಕಥೆಯನ್ನು ಹೇಳಿದರೆ ಪಟ್ಟಣದ ವಾಚಕರಿಗೆ ಅದರ ಭಯವೂ ತಿಳಿಯದು, ದುಃಖವೂ ತಿಳಿಯದು. ಆದುದರಿಂದ ಮೊದಲು ಅಟ್ಟವನ್ನೇ ಹತ್ತೋಣ.

ಬೇರೆ ಸೀಮೆಗಳಲ್ಲಿ ಕೊಬ್ಬರಿ ಮಾಡುವವರು ಬಲಿತ ಕಾಯಿಯನ್ನು ಎರಡು ಹೋಳಾಗಿ ಒಡೆದು ಬಿಸಿಲಿಗೋ ಬೆಂಕಿಯ ಕಾವಿಗೋ ಇಟ್ಟು ಕೆಲವೇ ದಿನಗಳಲ್ಲಿ ಒಣಗಿಸಿಬಿಡುವರು. ತಿಪಟೂರಿನ ಕೊಬ್ಬರಿಯ ರೀತಿಯೇ ಬೇರೆ. ಇಲ್ಲಿ ಕಾಯಿಯನ್ನು ಒಡೆಯುವುದಿಲ್ಲ. ಸಿಪ್ಪೆಸಹಿತವಾಗಿಯೇ ಅಟ್ಟಕ್ಕೆ ಏರಿಸಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಬಿಟ್ಟುಬಿಡುವರು. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿಹೋಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡು ಒಳಗೇ ಉಂಡೆಯಾಗಿ ನಿಲ್ಲುವುದು. ಅನುಭವಿಗಳು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುವರು. ನೀರಿನ ಸಪ್ಪಳ ಕೇಳಿದರೆ ಇನ್ನೂ ಆಗಿಲ್ಲ. ಲೊಟಲೊಟನೆ ಉಂಡೆ ಹೊರಳಿದರೆ ಕೊಬ್ಬರಿ ಸಿದ್ಧ. ಆಗ ಸಿಪ್ಪೆ ಸುಲಿದು, ಚಿಪ್ಪನ್ನು ಜಾಣತನದಿಂದ ಒಡೆದು, ಉಂಡೆಗೆ ಪೆಟ್ಟಾಗದಂತೆ ತೆಗೆಯುವರು. ಹೀಗಾದ ಉಂಡೆಕೊಬ್ಬರಿಯು ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜಾಗಿ ಉತ್ತರ ಹಿಂದೂಸ್ಥಾನದ ಪಟ್ಟಣಗಳಿಗೆ ಹೋಗಿ ಅಲ್ಲಿನ ಹಬ್ಬಗಳಿಗೂ ಮಿಠಾಯಿಗಳಿಗೂ ಒದಗುವುದು.

ಹೀಗಿರುವುದರಿಂದ ಈ ಸೀಮೆಯ ಹಳೆಯ ಮನೆಯೆಂದರೆ ಕೆಳಗೆ ಮನುಷ್ಯರು, ಮೇಲೆ ತೆಂಗಿನಕಾಯಿ. ಮಗಳ ಮದುವೆ, ಮಗನ ಓದು, ಬಾವಿಯ ಸಾಲ ಎಲ್ಲವೂ ತಲೆಯ ಮೇಲಣ ಆ ಕತ್ತಲೆಯ ಅಟ್ಟದಲ್ಲಿ ವರ್ಷಗಟ್ಟಲೆ ಒಣಗುತ್ತಿರುವುವು. ಹಗಲಿನಲ್ಲಿ ಅದು ಐಶ್ವರ್ಯ. ರಾತ್ರಿಯಲ್ಲಿ, ಅದರಲ್ಲಿಯೂ ಹೊಸಬರಿಗೆ, ಅದು ಬೇರೆಯೇ. ಇಲಿಯೊಂದು ರಾಶಿಯ ಮೇಲೆ ಹರಿದರೆ ಸಾಕು, ಒಂದು ಕಾಯಿ ಉರುಳಿ ಇನ್ನೊಂದಕ್ಕೆ ತಗಲಿ ಒಳಗಿನ ಉಂಡೆ ಚಿಪ್ಪನ್ನು ಬಡಿಯುವುದು. ಯಾರೋ ಒಳಗಿನಿಂದ ಬಾಗಿಲನ್ನು ಬೆರಳಿನಿಂದ ತಟ್ಟಿದಂತೆ ಆ ಸದ್ದು. ನಾವು ಮೊದಲ ರಾತ್ರಿ ಮೂರು ಸಲ ಎದ್ದು ಕುಳಿತೆವು. ಮನೆಯ ಎಳೆಯ ಮಕ್ಕಳು ಮಾತ್ರ ಮಗ್ಗುಲನ್ನೂ ಬದಲಿಸದೆ ಸುಖವಾಗಿ ನಿದ್ರಿಸುತ್ತಿದ್ದರು.

ಮರುದಿನ ನಾವು ತುರುವೇಕೆರೆಗೆ ಹೋದೆವು. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಮೂರನೆಯ ನರಸಿಂಹನ ಕಾಲದ ಸೋಮಣ್ಣ ದಂಡನಾಯಕನು ಅಗ್ರಹಾರವಾಗಿ ನೆಲೆಗೊಳಿಸಿದ ಊರಿದು. ಚೆನ್ನಕೇಶವನ ಗುಡಿ, ಮೂಲೆ ಶಂಕರೇಶ್ವರನ ಗುಡಿ ಎರಡೂ ಆ ಕಾಲದವೇ. ಆದರೆ ನಮ್ಮ ಕಥೆಗೆ ಬೇಕಾದುದು ಗಂಗಾಧರೇಶ್ವರನ ಸನ್ನಿಧಿಯ ಮಹಾನಂದಿ. ಅಚ್ಚ ಕರಿಯ ಕಲ್ಲಿನಲ್ಲಿ ಕಡೆದ ಆ ಬಸವನ ಮೈ ಇಂದಿಗೂ ಎಣ್ಣೆ ಸವರಿದಂತೆ ಮಿರುಗುತ್ತಿರುವುದು. ಹತ್ತಿರ ಹೋಗಿ ಬಾಗಿ ನೋಡಿದವರಿಗೆ ಆ ನುಣುಪಿನಲ್ಲಿ ತಮ್ಮದೇ ನೆರಳು ಕರ್ರಗೆ ತೋರುವುದು. ಊರಿನ ಸಮೀಪದ ಕರೇಕಲ್ಲುಗುಡ್ಡದ ಈ ಕಲ್ಲಿಗೆ ಹಿಂದಿನಿಂದಲೂ ಹೆಸರುಂಟು. ಶ್ರೀರಂಗಪಟ್ಟಣದಲ್ಲಿ 1782ರಿಂದ 1784ರ ಅವಧಿಯಲ್ಲಿ ಹೈದರಾಲಿಗಾಗಿ ಕಟ್ಟಿದ ಗುಂಬಜಿನ ಸುತ್ತಣ ಕಪ್ಪು ಕಂಬಗಳಿಗೂ ತುರುವೇಕೆರೆಯ ಕಲ್ಲೇ ಹೋಯಿತು. ಗಾಜಿನ ಕನ್ನಡಿಯು ನಮ್ಮ ಮನೆಗಳಿಗೆ ಬರುವುದಕ್ಕೆ ಎಷ್ಟೋ ಮುಂಚೆ ಇಂತಹ ಕಲ್ಲಿನಲ್ಲಿಯೂ, ಉಜ್ಜಿದ ಕಂಚಿನಲ್ಲಿಯೂ, ತುಂಬಿದ ಕೊಡದ ನೀರಿನಲ್ಲಿಯೂ ನಮ್ಮ ಹಿರಿಯರು ತಮ್ಮ ಮುಖವನ್ನು ಕಂಡುಕೊಂಡಿದ್ದಿರಬೇಕು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ದರ್ಪಣಸುಂದರಿಯು ಕೈಯಲ್ಲಿ ಹಿಡಿದಿರುವುದನ್ನು ನೋಡಿದವರಿಗೆ ಇದು ಹೊಸ ಮಾತಲ್ಲ.

ಕನ್ನಡಿಯ ವಿಷಯದಲ್ಲಿ ನಮ್ಮ ಜನರ ಮನಸ್ಸು ಎರಡು ಬಗೆಯಾಗಿದೆ. ಒಂದು ಕಡೆ ಅದು ಪರಮ ಮಂಗಳವಸ್ತು. ದೇವರಿಗೆ ದರ್ಪಣಸೇವೆ ಉಂಟು. ಶುಭಕಾರ್ಯದಲ್ಲಿ ಮುತ್ತೈದೆಯರು ಕಳಶ ಕನ್ನಡಿಗಳನ್ನು ಹಿಡಿದು ಎದುರುಗೊಳ್ಳುವರು. ಗೌರಿಯ ಹಬ್ಬದ ಬಾಗಿನದ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಕರಿಮಣಿ, ಬಿಚ್ಚೋಲೆ, ರವಿಕೆಯ ಕಣ, ತೆಂಗಿನಕಾಯಿಗಳೊಂದಿಗೆ ಬಾಚಣಿಗೆಯೂ ಪುಟ್ಟ ಕನ್ನಡಿಯೂ ಇರಲೇಬೇಕು. ಮತ್ತೊಂದು ಕಡೆ ಅದರ ಭಯವೂ ಉಂಟು. ದೀಪ ಹಚ್ಚಿದ ಮೇಲೆ ಕನ್ನಡಿ ನೋಡಬಾರದು, ಎಳೆಯ ಕೂಸಿಗೆ ಕನ್ನಡಿ ತೋರಿಸಬಾರದು, ಒಡೆದ ಕನ್ನಡಿ ಮನೆಯಲ್ಲಿರಬಾರದು ಎಂದು ಅಜ್ಜಿಯರು ಗದರಿಸುವುದನ್ನು ಕೇಳದವರು ಯಾರು? ಇನ್ನು ಅಂಜನ ಹಾಕುವವರ ವಿದ್ಯೆಯಂತೂ ಕನ್ನಡಿಯ ಭಯವನ್ನೇ ಬಂಡವಾಳ ಮಾಡಿಕೊಂಡದ್ದು. ಕಾಡಿಗೆಯಂತಹ ಕರಿಯ ಅಂಜನವನ್ನು ವೀಳ್ಯದೆಲೆಗೋ ಅಂಗೈಗೋ ಸವರಿ, ಸಣ್ಣ ದೀಪದ ಬೆಳಕಿನಲ್ಲಿ ಹುಡುಗನೊಬ್ಬನನ್ನು ಅದನ್ನೇ ಎವೆಯಿಕ್ಕದೆ ನೋಡುವಂತೆ ಕೂರಿಸುವರು. ಸ್ವಲ್ಪ ಹೊತ್ತಾದ ಮೇಲೆ ಹುಡುಗನು ಆ ಕಪ್ಪಿನಲ್ಲಿ ಮುಖಗಳನ್ನು ಕಾಣತೊಡಗುವನು. ಕಳೆದ ಒಡವೆಯ ಕಳ್ಳನು ಇವನೇ ಎಂದು ಹೇಳಿಬಿಡುವನು. ಎಷ್ಟು ನಿರಪರಾಧಿಗಳ ಮಾನ ಈ ಒಂದು ಎಲೆಯ ಮೇಲೆ ಹೋಗಿರುವುದೋ!

ತುರುವೇಕೆರೆಯಿಂದ ನಾವು ತಿಪಟೂರಿಗೆ ಹಿಂತಿರುಗಿ, ಅಲ್ಲಿಂದ ಉತ್ತರಕ್ಕೆ ಚಿಕ್ಕನಾಯಕನಹಳ್ಳಿಯ ಹಾದಿಯನ್ನು ಹಿಡಿದೆವು. ಹಾಗಲವಾಡಿಯ ನಾಯಕರಲ್ಲಿ ಒಬ್ಬನಾದ ಚಿಕ್ಕನಾಯಕನ ಹೆಸರನ್ನು ಹೊತ್ತ ಊರದು. ಆ ಕಡೆಗೆ ಹೋದಂತೆ ಗುಡ್ಡಗಳು ಕಾಣಿಸಿಕೊಳ್ಳುವುವು. ಮದಲಿಂಗನ ಕಣಿವೆಯೂ ಆ ತಾಲ್ಲೂಕಿನದೇ, ಮದಲಿಂಗನೆಂದರೆ ಮದುವಣಿಗ. ಈ ಹಾದಿಯಲ್ಲಿ, ಮುಖ್ಯರಸ್ತೆಯಿಂದ ಒಳಗೆ ಸರಿದ ಒಂದು ಹಳ್ಳಿಯಲ್ಲಿ, ಪರಿಚಿತರ ಮೂಲಕ ನಮಗೆ ಬಿಡಾರ ದೊರೆಯಿತು. ಮನೆಯ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಅವರ ತಂಗಿಯೂ ಹಬ್ಬಕ್ಕೆಂದು ಮುಂಚಿತವಾಗಿಯೇ ತವರಿಗೆ ಬಂದಿದ್ದರು. ಕನ್ನಡಿಯ ಕಥೆಯನ್ನು ನಮಗೆ ಹೇಳಿದವರು ಆ ತಾಯಿ. ಅಣ್ಣನವರು ಕಂಬಕ್ಕೆ ಒರಗಿ ಕುಳಿತು, ತಂಗಿ ಮರೆತ ಕಡೆ ಒಂದೊಂದು ಮಾತನ್ನು ಸೇರಿಸುತ್ತಿದ್ದರು. ಅವರ ಇಷ್ಟದಂತೆ ಊರಿನ ಹೆಸರನ್ನೂ ಮನೆತನದ ಹೆಸರನ್ನೂ ಇಲ್ಲಿ ಬಿಟ್ಟಿದ್ದೇವೆ.

ತಂದೆ ಚಿಕ್ಕಂದಿನಲ್ಲಿಯೇ ತೀರಿಕೊಂಡುದರಿಂದ ಇಬ್ಬರನ್ನೂ ಸಾಕಿ, ತೋಟವನ್ನೂ ಉಳಿಸಿಕೊಂಡವರು ತಾಯಿ. ಆಕೆಯ ತವರಿನಿಂದ ಬಂದ ಒಂದು ನಿಲುವುಗನ್ನಡಿ ನಡುಮನೆಯ ಪಕ್ಕದ ಕೋಣೆಯಲ್ಲಿತ್ತು. ತೇಗದ ಚೌಕಟ್ಟು, ಆಳೆತ್ತರದ ಗಾಜು. ಬೆಲ್ಜಿಯಂ ಕನ್ನಡಿಯೆಂದು ಮನೆಯವರು ಹೆಮ್ಮೆಯಿಂದ ಹೇಳುತ್ತಿದ್ದರು. ದಿನವೆಲ್ಲ ತೋಟದಲ್ಲಿ ದುಡಿದ ಆಕೆ ಸಂಜೆಗೆ ಮುನ್ನ ಅದರ ಮುಂದೆ ಮಣೆ ಹಾಕಿಕೊಂಡು ತಲೆ ಬಾಚಿಕೊಳ್ಳುವರು. ಆ ಒಂದು ಗಳಿಗೆಯಲ್ಲಿ ಮಾತ್ರ ಮಕ್ಕಳು ಆಕೆಯನ್ನು ಬಿಡುವಾಗಿ ಕಂಡದ್ದು. ಮಗಳು ಹಿಂದೆ ನಿಂತು ಕನ್ನಡಿಯೊಳಗಿನ ತಾಯಿಗೆ ಅಣಕಿಸಿದರೆ, ತಾಯಿ ತಿರುಗದೆಯೇ ಕನ್ನಡಿಯೊಳಗಿಂದ ನಗುವರು.

ಮಗಳ ಮದುವೆಯಾಯಿತು; ದೂರದ ಊರಿಗೆ ಹೋದಳು. ಒಂದು ವರ್ಷ ಯಾವುದೋ ಸಣ್ಣ ಮನಸ್ತಾಪದಿಂದ ಗೌರಿಯ ಹಬ್ಬಕ್ಕೆ ಕರೆದರೂ ಬರಲಿಲ್ಲ. ಮರುವರ್ಷದ ಆಷಾಢದಲ್ಲಿ ತಾಯಿ ಜ್ವರದಿಂದ ಮಲಗಿದರು. ನಾಳೆ ಗುಣವಾದೀತು, ನಾಡಿದ್ದು ಆದೀತು ಎಂದು ಅಣ್ಣನು ತಂಗಿಗೆ ಸುದ್ದಿ ಕಳುಹಿಸಲು ತಡಮಾಡಿದನು. ಸುದ್ದಿ ಮುಟ್ಟಿ ತಂಗಿ ಬಂದಾಗ ತಾಯಿಯನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು. ಇದು ಸುಮಾರು 50 ವರ್ಷಗಳ ಹಿಂದಿನ ಮಾತು. ಆ ಹಳ್ಳಿಗೆ ಆಗ ವಿದ್ಯುದ್ದೀಪವಿರಲಿಲ್ಲ.

ಕರ್ಮಗಳೆಲ್ಲ ಮುಗಿದ ರಾತ್ರಿ ತಂಗಿಗೆ ನಿದ್ರೆ ಬರಲಿಲ್ಲ. ಬುಡ್ಡಿದೀಪವನ್ನು ಹಿಡಿದು ತಾಯಿಯ ಕೋಣೆಗೆ ಹೋಗಿ, ದೀಪವನ್ನು ಬೆನ್ನಹಿಂದೆ ಗೂಡಿನಲ್ಲಿಟ್ಟು, ತಾಯಿ ಕೂರುತ್ತಿದ್ದ ಮಣೆಯ ಮೇಲೆ ಕುಳಿತಳು. ತಲೆಗೂದಲನ್ನು ಬಿಚ್ಚಿ ಕನ್ನಡಿಯಲ್ಲಿ ತನ್ನ ಕಣ್ಣುಗಳನ್ನೇ ನೋಡುತ್ತ ಎಷ್ಟು ಹೊತ್ತು ಕುಳಿತಿದ್ದಳೋ ಅವಳಿಗೇ ತಿಳಿಯದು. ಮೊದಲು ಕೆನ್ನೆಗಳು ಕರಗಿದಂತಾದವು. ಬಳಿಕ ಬಾಯಿ ಮಾಯವಾಯಿತು. ಕಣ್ಣುಗಳೆರಡು ಮಾತ್ರ ಉಳಿದು, ಅವುಗಳ ಸುತ್ತ ಬೇರೊಂದು ಮುಖ ಕಟ್ಟಿಕೊಂಡಿತು. ಅದು ತಾಯಿಯ ಮುಖ. ಆದರೆ ನಗದ ಮುಖ, ಎವೆಯಿಕ್ಕದ ಮುಖ. ತಾನು ಬಾಯಿ ಮುಚ್ಚಿದ್ದರೂ ಅದರ ತುಟಿಗಳು ಏನೋ ಹೇಳಹೊರಟಂತೆ ಅಲುಗಿದವು. ಅವಳು ಕಿರುಚಿ ಬಿದ್ದಳು.

ಅಣ್ಣನು ಓಡಿಬಂದು ತಂಗಿಯನ್ನು ಹೊರಗೆ ಕರೆತಂದು ಮಲಗಿಸಿದನು. ಏನು ಕಂಡೆ ಎಂದರೆ ಅವಳು ಹೇಳಲಿಲ್ಲ. ಎಲ್ಲರೂ ಮಲಗಿದ ಮೇಲೆ ತಾನೇ ಆ ಕೋಣೆಗೆ ಹೋಗಿ, ಅದೇ ದೀಪದ ಬೆಳಕಿನಲ್ಲಿ, ಅದೇ ಕನ್ನಡಿಯ ಮುಂದೆ ನಿಂತು ದಿಟ್ಟಿಸಿ ನೋಡಿದನು. ಅವನಿಗೂ ಕಂಡಿತು. ಬೆಳಗಾದ ಮೇಲೆ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ತಂಗಿ ಆ ದಿನವೇ ಗಂಡನ ಮನೆಗೆ ಹೊರಟಳು. ಅಣ್ಣನು ಕನ್ನಡಿಗೆ ಗೋಣಿ ಸುತ್ತಿ, ಗೋಡೆಯ ಕಡೆಗೆ ಮುಖ ಮಾಡಿ ಅಟ್ಟದ ಮೂಲೆಯಲ್ಲಿಟ್ಟು, ಅದರ ಮುಂದೆ ಕಾಯಿಯ ರಾಶಿಯನ್ನು ಸುರಿಸಿದನು.

ಆ ಚಳಿಗಾಲದಲ್ಲಿ ಅಟ್ಟದಿಂದ ತಟ್ಟುವ ಸದ್ದು ಕೇಳತೊಡಗಿತು. ಹುಟ್ಟಿದಂದಿನಿಂದ ಆ ಸದ್ದಿನ ಕೆಳಗೇ ಮಲಗಿ ಬೆಳೆದವನಿಗೆ ಈಗ ಅದು ಕೊಬ್ಬರಿಯ ಸದ್ದಾಗಿ ಕೇಳಿಸದೆ, ತಾಯಿ ಗಾಜಿನ ಒಳಗಿನಿಂದ ತಟ್ಟುತ್ತಿರುವಂತೆ ಕೇಳಿಸಿತು. ಸುದ್ದಿ ಹೇಗೋ ಹೊರಬಿದ್ದಿತು. ಆಳುಗಳು ಸಂಜೆಯ ಮೇಲೆ ಅಟ್ಟ ಹತ್ತಲು ಒಪ್ಪಲಿಲ್ಲ. ಮುಂದಿನ ಗೌರಿಯ ಹಬ್ಬಕ್ಕೆ ಅಣ್ಣನು ಬಾಗಿನವನ್ನು ಹೊತ್ತು ತಂಗಿಯ ಊರಿನವರೆಗೂ ಹೋದನು. ಬಸ್ಸಿಳಿದು, ಮನೆಯ ಬೀದಿಯನ್ನು ನೋಡಿ, ಅವಳು ತಾಯಿಯ ಮಾತನ್ನೆತ್ತಿದರೆ ಏನು ಹೇಳಲಿ ಎಂದು ಹೆದರಿ, ಬಂದ ಬಸ್ಸಿನಲ್ಲಿಯೇ ಹಿಂತಿರುಗಿಬಿಟ್ಟನು. ಆಮೇಲೆ ಬಾಗಿನ ಹೋಗಲಿಲ್ಲ. ಮೂವತ್ತು ವರ್ಷ ಹೋಗಲಿಲ್ಲ.

ವಾಚಕ ಸೋದರಿಯರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ತವರಿನ ಬಾಗಿನವೆಂದರೆ ಮೊರದಲ್ಲಿರುವ ಸಾಮಾನುಗಳ ಬೆಲೆಯಲ್ಲ. ಹುಟ್ಟಿದ ಮನೆಯ ಬಾಗಿಲು ತನಗೆ ಇನ್ನೂ ತೆರೆದಿದೆ ಎಂಬುದಕ್ಕೆ ವರ್ಷಕ್ಕೊಮ್ಮೆ ಬರುವ ಸಾಕ್ಷಿ ಅದು. ನೆರೆಮನೆಯವರೆಲ್ಲ ತವರಿನ ಮೊರವನ್ನು ಬಿಚ್ಚುವಾಗ ಆಕೆ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕುಳಿತಿರುತ್ತಿದ್ದರಂತೆ.

ಮೂವತ್ತು ವರ್ಷಗಳ ಬಳಿಕ ಅಣ್ಣನ ಮಕ್ಕಳು ಮನೆಯನ್ನು ಪಾಲುಮಾಡಿಕೊಳ್ಳಲು ಹೊರಟರು. ಕಾಗದಕ್ಕೆ ತಂಗಿಯ ರುಜುವೂ ಬೇಕಾಯಿತು. ಆಕೆ ಬಂದ ದಿನವೇ ಹಳೆಯ ಅಟ್ಟವನ್ನು ಬಿಚ್ಚುತ್ತಿದ್ದರು. ಹುಡುಗರು ಗೋಣಿಯ ಕಟ್ಟನ್ನು ಕೆಳಗಿಳಿಸಿ, ಒಳಗೇನಿದೆಯೆಂದು ತಿಳಿಯದೆ ಬಿಚ್ಚಿ ತೊಟ್ಟಿಯ ಕಂಬಕ್ಕೆ ಒರಗಿಸಿಬಿಟ್ಟರು. ಅಣ್ಣ ತಂಗಿಯರಿಬ್ಬರೂ ಇದ್ದಲ್ಲಿಯೇ ನಿಂತರು. ನಡುಹಗಲಿನ ಬಿಸಿಲು ನೇರವಾಗಿ ಗಾಜಿನ ಮೇಲೆ ಬಿದ್ದಿತ್ತು. ಅದರಲ್ಲಿ ಯಾರ ಮುಖವೂ ಕಾಣಲಿಲ್ಲ. ಅಟ್ಟದ ಹೊಗೆಗೂ ತೇವಕ್ಕೂ ಹಿಂಬದಿಯ ಬೆಳ್ಳಿಯ ಲೇಪವೆಲ್ಲ ಕರಿದಾಗಿ ಉದುರಿ, ಕಂದುಬಣ್ಣದ ಮಚ್ಚೆಗಳ ಒಂದು ಬರಿಯ ಗಾಜು ಮಾತ್ರ ಉಳಿದಿತ್ತು.

ಬಹಳ ಹೊತ್ತಿನ ಮೇಲೆ ತಂಗಿ ಕೇಳಿದರು: “ಅಣ್ಣಯ್ಯ, ಆವತ್ತು ರಾತ್ರಿ ನೀನೂ ಹೋಗಿ ನೋಡಿದೆ ಅಲ್ಲವಾ? ಏನು ಕಂಡೆ?”

“ಅವ್ವನ್ನ ಕಂಡೆ ಕಣವ್ವ. ಹೇಳಿಕಳಿಸೋದು ತಡಮಾಡಿದೆ ಅಂತ ನನ್ನ ಮೇಲೆ ಸಿಟ್ಟಾಗಿ ಬಂದವಳೆ ಅಂದ್ಕೊಂಡೆ.”

“ನಾನೂ ಅವ್ವನ್ನೇ ಕಂಡೆ. ಹಬ್ಬಕ್ಕೆ ಕರೆದರೆ ಬರಲಿಲ್ಲವಲ್ಲ, ಅದಕ್ಕೇ ಸಿಟ್ಟು ಅಂದ್ಕೊಂಡೆ.”

ಇಬ್ಬರೂ ಆ ಗಾಜಿನ ಮುಂದೆ ಕುಳಿತು ಅತ್ತರು. ಆ ವರ್ಷದ ಬಾಗಿನವನ್ನು ಅಣ್ಣನೇ ಹೊತ್ತು ತಂಗಿಯ ಮನೆಯ ಹೊಸಿಲನ್ನು ದಾಟಿ ಒಳಗಿಟ್ಟು ಬಂದರು. ಅಂದಿನಿಂದ ಒಂದು ವರ್ಷವೂ ತಪ್ಪಿಲ್ಲ.

ಕಥೆ ಮುಗಿದಾಗ ನಾವು ತಲೆಯೆತ್ತಿ ಗೋಡೆಯ ಮೇಲಿದ್ದ ತಾಯಿಯ ಪಟವನ್ನು ನೋಡಿದೆವು. ಅಗಲವಾದ ಹಣೆ, ಸ್ವಲ್ಪ ಒಳಸೇರಿದ ಕಣ್ಣು, ಗಟ್ಟಿಯಾದ ದವಡೆ. ಅದೇ ಮುಖವು ನಮ್ಮ ಮುಂದೆ ಎರಡು ಕಡೆ ಕುಳಿತಿತ್ತು.

ಇಂತಹ ನೋಟಗಳಿಗೆ ಕಾರಣವನ್ನು ಪಂಡಿತರು ವಿಚಾರಿಸಿದ್ದಾರೆ. ಕಣ್ಣನ್ನು ಒಂದೇ ಬಿಂದುವಿನಲ್ಲಿ ನಿಲ್ಲಿಸಿದರೆ ಸುತ್ತಣ ವಸ್ತುಗಳು ಮೆಲ್ಲನೆ ಮಾಸಿ ಅಳಿಸಿಹೋಗುವುವೆಂಬುದನ್ನು ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್ಲರ್ 1804ರಲ್ಲಿಯೇ ತೋರಿಸಿದನು. ಇಟಲಿಯ ಉರ್ಬಿನೊ ವಿಶ್ವವಿದ್ಯಾನಿಲಯದ ಜೊವಾನ್ನಿ ಕಪೂಟೊ ಎಂಬವರು 50 ಮಂದಿಯನ್ನು ಒಬ್ಬೊಬ್ಬರಾಗಿ ಮಬ್ಬುಗತ್ತಲೆಯ ಕೋಣೆಯಲ್ಲಿ ಕನ್ನಡಿಯ ಮುಂದೆ ಕೂರಿಸಿ, ಸಣ್ಣ ದೀಪವೊಂದನ್ನು ಬೆನ್ನಹಿಂದೆ ಇರಿಸಿ, 10 ನಿಮಿಷ ತಮ್ಮ ಮುಖವನ್ನೇ ದಿಟ್ಟಿಸಲು ಹೇಳಿದರು. 2010ರಲ್ಲಿ ಪ್ರಕಟವಾದ ಅವರ ಬರಹದಂತೆ ನೂರಕ್ಕೆ 66 ಮಂದಿಗೆ ತಮ್ಮ ಮುಖವೇ ವಿಕಾರವಾಗಿ ತೋರಿತು. 28 ಮಂದಿಗೆ ಅಪರಿಚಿತರು ಕಂಡರು. 48 ಮಂದಿಗೆ ವಿಚಿತ್ರ ಭೀಕರಾಕಾರಗಳು ಕಂಡವು. ನೂರಕ್ಕೆ 18 ಮಂದಿಗೆ ಕಂಡುದು ತಂದೆಯ ಅಥವಾ ತಾಯಿಯ ಮುಖ, ಅದೂ ಸ್ವಲ್ಪ ಮಾರ್ಪಾಡಾಗಿ. ಅವರಲ್ಲಿ ಕೆಲವರ ತಂದೆತಾಯಿಗಳು ತೀರಿಕೊಂಡಿದ್ದವರು. ಮಂದ ಬೆಳಕಿನಲ್ಲಿ ದಣಿದ ಕಣ್ಣು ಅಳಿಸಿಹಾಕಿದ ಮುಖವನ್ನು ಮನಸ್ಸು ತನಗೆ ತೋಚಿದಂತೆ ತುಂಬಿಕೊಳ್ಳುವುದೆಂದು ಇದರಿಂದ ಊಹಿಸಬಹುದು. ಅಂಜನದ ಎಲೆಯಲ್ಲಿ ಹುಡುಗನಿಗೆ ಕಳ್ಳನು ಕಾಣುವುದೂ ಇದೇ ದಾರಿಯಲ್ಲಿ ಇದ್ದೀತು. ಕರಿಯ ಹೊಳಪು, ಕಿರಿಯ ದೀಪ, ಎವೆಯಿಕ್ಕದ ನೋಟ ಎಂಬ ಮೂರೂ ಅಲ್ಲಿಯೂ ಕೂಡಿರುವುವಷ್ಟೆ.

ನಾವು ಇದನ್ನು ಆ ಮನೆಯವರಿಗೆ ತಿಳಿದಷ್ಟು ಮಟ್ಟಿಗೆ ಹೇಳಿದೆವು. ಯಜಮಾನರು ಗಮನವಿಟ್ಟು ಕೇಳಿ ತಲೆದೂಗಿದರು. ತಂಗಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದ್ದರೂ ಇರಬಹುದು. ಆದರೆ ಬಂದವಳು ಅವ್ವನೇ. ಅವಳೇನೂ ಸಿಟ್ಟಾಗಿ ಬಂದಿರಲಿಲ್ಲ, ಹೆದರಿದವರು ನಾವು” ಎಂದರು. ಇದಕ್ಕೆ ಎದುರಾಗಿ ವಾದಿಸಬೇಕೆಂದು ನಮಗೆ ತೋರಲಿಲ್ಲ.

ಕೈಗೆ ಸಿಗದುದನ್ನು ಕನ್ನಡಿಯೊಳಗಿನ ಗಂಟೆಂದು ಹೇಳುವ ವಾಡಿಕೆ ನಮ್ಮಲ್ಲಿದೆ. ಈ ಮನೆಯಲ್ಲಿ ಮೂವತ್ತು ವರ್ಷ ಕಾಡಿದ ಗಂಟು ಕನ್ನಡಿಯೊಳಗಿರಲಿಲ್ಲ. ಒಬ್ಬರಿಗೊಬ್ಬರು ಹೇಳದೆ ಇಟ್ಟುಕೊಂಡ ಎರಡು ಮಾತುಗಳಲ್ಲಿತ್ತು. ಎರಡೂ ಮಾತುಗಳು ಒಂದೇ ಆಗಿದ್ದವೆಂಬುದು ತಿಳಿಯುವ ವೇಳೆಗೆ ಇಬ್ಬರ ತಲೆಗೂದಲೂ ನರೆತಿತ್ತು. ನಮ್ಮ ವಾಚಕರ ಮನೆಗಳಲ್ಲಿಯೂ ಅಟ್ಟಕ್ಕೇರಿಸಿಟ್ಟ ಇಂತಹ ವಸ್ತುಗಳಿರಬಹುದು. ಅವುಗಳನ್ನು ಹಗಲು ಹೊತ್ತಿನಲ್ಲಿ, ಅಣ್ಣ ತಮ್ಮಂದಿರನ್ನೂ ಅಕ್ಕ ತಂಗಿಯರನ್ನೂ ಕೂಡಿಕೊಂಡು ಇಳಿಸಿ ನೋಡುವುದು ಮೇಲು. ಮಕ್ಕಳನ್ನು ಕನ್ನಡಿಯ ಹೆಸರಿನಲ್ಲಿ ಹೆದರಿಸುವುದಕ್ಕಿಂತ, ಹಗಲಿನಲ್ಲಿ ಅದರ ಮುಂದೆ ನಿಲ್ಲಿಸಿ, ಈ ಮೂಗು ಅಜ್ಜಿಯದು, ಈ ಹುಬ್ಬು ಸೋದರಮಾವನದು ಎಂದು ತೋರಿಸಿಕೊಡುವುದು ಇನ್ನೂ ಮೇಲು.

ಭಾದ್ರಪದ ಶುದ್ಧ ತದಿಗೆ ಪ್ರತಿವರ್ಷವೂ ಬರುವುದು. ಕಲ್ಪತರು ನಾಡಿನ ತೆಂಗಿನಕಾಯಿಯೂ, ಸಂತೆಯಲ್ಲಿ ಕೆಲವು ರೂಪಾಯಿಗೆ ಸಿಗುವ ಪುಟ್ಟ ಕನ್ನಡಿಯೂ ಒಂದೇ ಮೊರದಲ್ಲಿ ಕೂಡಿ ತಂಗಿಯ ಮನೆಗೆ ಹೊರಡುವ ದಿನ ಅದು. ಹೊತ್ತವರು ಹೊಸಿಲಿನವರೆಗೂ ಹೋಗಿ ಹಿಂತಿರುಗದಿರಲಿ.